ಬಾಲ್‌ಪೆನ್ ಪ್ರೋಬ್ ನಿಧಾನ ಅಲ್ಲ, ಕೇಬಲ್ ನಿಧಾನ: ನನ್ನ ಅನುಭವ

ಚಿಕ್ಕ ಟೊಕಮ್ಯಾಕ್‌ನ (ಬಿಸಿ ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಉಂಗುರದಾಕಾರದ ಯಂತ್ರ) ಅಂಚಿನ ಟರ್ಬುಲೆನ್ಸನ್ನು, ಅಂದರೆ ಪ್ಲಾಸ್ಮಾದ ಅಸ್ತವ್ಯಸ್ತ ಏರಿಳಿತವನ್ನು, ಬಾಲ್‌ಪೆನ್ ಪ್ರೋಬ್‌ನಲ್ಲಿ (ಕಲೆಕ್ಟರ್ ಅನ್ನೋ ಲೋಹದ ತುದಿಯನ್ನು ನಿರೋಧಕ ನಳಿಗೆಯೊಳಗೆ ಸರಿಸಿಟ್ಟ ಪ್ರೋಬ್) ಅಳೆಯುತ್ತೇನೆ ಅಂದಾಗ ಗುಂಪಿನಲ್ಲಿ ಯಾರೂ ಒಪ್ಪಲಿಲ್ಲ. ಪ್ಲಾಸ್ಮಾದ ಸರಾಸರಿ ಪೊಟೆನ್ಷಿಯಲ್‌ಗೆ (ವಿದ್ಯುತ್ ವಿಭವಕ್ಕೆ) ಸರಿ, ಏರಿಳಿತಕ್ಕೆ ಅದು ನಿಧಾನ ಅಂತ ಎಲ್ಲರದ್ದೂ ಒಂದೇ ಮಾತು. ಈಗ ಹೆಚ್ಚುಕಮ್ಮಿ 200 ಕಿಲೋಹರ್ಟ್ಸ್‌ವರೆಗೆ ಸಿಗ್ನಲ್ ಬರುತ್ತಿದೆ.

ಮಾಮೂಲಿ ಪಿನ್‌ನ (ಪ್ಲಾಸ್ಮಾದೊಳಗೆ ತೆರೆದಿಟ್ಟ ಲೋಹದ ಕಡ್ಡಿ) ಫ್ಲೋಟಿಂಗ್ ಪೊಟೆನ್ಷಿಯಲ್‌ನಿಂದ, ಅಂದರೆ ಕರೆಂಟ್ ಎಳೆಯದಿದ್ದಾಗಿನ ವೋಲ್ಟೇಜಿನಿಂದ, ಫ್ಲಕ್ಸ್ (ಹೊರಗೆ ಹರಿಯುವ ಕಣಗಳ ಪ್ರಮಾಣ) ಲೆಕ್ಕ ಹಾಕಿದರೆ ಎಲೆಕ್ಟ್ರಾನ್ ತಾಪಮಾನದ ಏರಿಳಿತವೂ ಅದರಲ್ಲಿ ಸೇರಿಕೊಳ್ಳುತ್ತೆ, ಗೊತ್ತೇ ಇದೆ ಅಲ್ವಾ. ಆ ತಾಪಮಾನ ಎಷ್ಟು ಪಟ್ಟು ಸೇರುತ್ತೆ ಅನ್ನೋ ಗುಣಾಂಕ ಹೈಡ್ರೋಜನ್‌ನಲ್ಲಿ ಪಿನ್‌ಗೆ 3ರ ಆಸುಪಾಸು, ಬಾಲ್‌ಪೆನ್‌ಗೆ 0.6. ನನಗೆ ಬೇಕಿದ್ದದ್ದು ಆ ವ್ಯತ್ಯಾಸ.

ಮೊದಲು ಅಲ್ಯುಮಿನಾ ನಳಿಗೆ ಹಾಕಿದೆ. ಡಿಸ್ರಪ್ಷನ್ ಆಯ್ತು (ಪ್ಲಾಸ್ಮಾ ಒಮ್ಮೆಲೇ ಕುಸಿಯಿತು), ನಳಿಗೆ ಸೀಳಿತು. ಬೋರಾನ್ ನೈಟ್ರೈಡ್ ಸರಳಿಗೆ ಇಪ್ಪತ್ತು ಸಾವಿರ ಚಿಲ್ಲರೆ ಕೊಟ್ಟೆ. ಮೆತ್ತಗಿರುತ್ತೆ, ನಮ್ಮ ಲೇತ್‌ನಲ್ಲೇ ಕಡೆದದ್ದಾಯ್ತು. ಆದರೆ ತೇವ ಹೀರುತ್ತೆ. ಬೇಕ್ ಮಾಡದೆ ಒಳಗಿಟ್ಟರೆ ನಿರ್ವಾತದ ಒತ್ತಡ ಇಳಿಯುವುದೇ ಇಲ್ಲ.

ಇಷ್ಟಾದರೂ 15 ಕಿಲೋಹರ್ಟ್ಸ್ ದಾಟಿದರೆ ಏನೂ ಇಲ್ಲ. ಎಲ್ಲರೂ ಪ್ಲಾಸ್ಮಾವನ್ನು ಬೈದರು. ನಾನು ಕೇಬಲ್ ಉದ್ದ ನೋಡಿದೆ: ಹತ್ತು ಮೀಟರ್, ಅಂದರೆ ಸುಮಾರು 1 ನ್ಯಾನೋಫ್ಯಾರಡ್ ಕೆಪಾಸಿಟೆನ್ಸ್. ನಳಿಗೆಯೊಳಗೆ ಸರಿದ ಕಲೆಕ್ಟರ್‌ನ ಇಂಪಿಡೆನ್ಸ್ ಹತ್ತು ಕಿಲೋಓಮ್‌ಗಿಂತ ಕಡಿಮೆ ಏನಿಲ್ಲ. ಗುಣಿಸಿ ನೋಡಿ, 10 ಮೈಕ್ರೋಸೆಕೆಂಡ್: ಅದಕ್ಕಿಂತ ಬೇಗ ಬದಲಾಗುವುದನ್ನೆಲ್ಲ ಕೇಬಲ್ಲೇ ನುಂಗುತ್ತೆ, 15 ಕಿಲೋಹರ್ಟ್ಸ್‌ನ ಲೆಕ್ಕ ಅಲ್ಲೇ ಮುಗಿಯಿತು. ಫೀಡ್‌ಥ್ರೂ (ನಿರ್ವಾತದಿಂದ ತಂತಿ ಹೊರಬರುವ ಜಾಗ) ಪಕ್ಕದಲ್ಲೇ ಬಫರ್ ಆಂಪ್ಲಿಫೈಯರ್ ಕೂರಿಸಿ, ಎರಡು ಕವಚದ ಟ್ರೈಆಕ್ಸ್ ಕೇಬಲ್‌ನ ಒಳಕವಚವನ್ನು ಸಿಗ್ನಲ್‌ನ ಜೊತೆಗೇ ಏರಿಳಿಯುವಂತೆ ಮಾಡಿದೆ, ಆಗ ಕೇಬಲ್‌ನ ಕೆಪಾಸಿಟೆನ್ಸ್ ಅಷ್ಟಾಗಿ ಕಾಡಲ್ಲ. ಹೊರಗಿಂದ ತರಿಸುವ ಆಂಪ್ಲಿಫೈಯರ್‌ಗೆ ಮೂರು ಲಕ್ಷದ ಮೇಲೆ ಕೋಟ್ ಬಂದಿತ್ತು, ನನ್ನದು ಆರೇಳು ಸಾವಿರದಲ್ಲಿ ಮುಗಿಯಿತು, ಅದರಲ್ಲಿ ವೋಲ್ಟೇಜನ್ನು ಮಿತಿಯಲ್ಲಿಡುವ ಕ್ಲ್ಯಾಂಪ್ ಹಾಕುವ ಮೊದಲು ಸುಟ್ಟುಹೋದ ಆಪ್‌ಆಂಪ್ ಚಿಪ್‌ಗಳ ದುಡ್ಡೂ ಸೇರಿದೆ. ಕವಚ ಆಸಿಲೇಟ್ ಆಗದಿರಲು ಒಂದು ರೆಸಿಸ್ಟರ್ ಇದೆ. ಎಲ್ಲಿ, ಎಷ್ಟು ಅಂತ ಹೇಳಲ್ಲ, ನೀವೂ ಸ್ವಲ್ಪ ಒದ್ದಾಡಿ!

ಐದಾರು ಮಿಲಿಮೀಟರ್ ಅಂತರದಲ್ಲಿ ಎರಡು ಬಾಲ್‌ಪೆನ್, ನಡುವೆ ಸಾಂದ್ರತೆ ನೋಡಲು ಅಯಾನ್ ಸ್ಯಾಚುರೇಷನ್ ಪಿನ್ (ಅಯಾನ್‌ಗಳನ್ನಷ್ಟೇ ಸೆಳೆಯುವ ಪಿನ್). ಹೊರಗಿನ ಪದರದಲ್ಲಿ ಸ್ಕ್ಯೂನೆಸ್ (ಏರಿಳಿತ ಒಂದೇ ಕಡೆಗೆ ಎಷ್ಟು ವಾಲಿದೆ ಅನ್ನೋ ಅಳತೆ) 1 ದಾಟಿತು, ಕೊನೆಯ ಮುಚ್ಚಿದ ಮೇಲ್ಮೈಯ (ಕಾಂತರೇಖೆಗಳು ಗೋಡೆಗೆ ತಾಗದೆ ಸುತ್ತುವ ಕೊನೆಯ ಪದರ) ಒಳಗೆ ಸೊನ್ನೆಯ ಹತ್ತಿರ. ಬ್ಲಾಬ್ (ಹೊರಗೆ ಸಿಡಿದುಬರುವ ಪ್ಲಾಸ್ಮಾದ ಮುದ್ದೆ) ಒಂದೊಂದೂ 20–30 ಮೈಕ್ರೋಸೆಕೆಂಡ್, ವೇಗ ಸೆಕೆಂಡಿಗೆ ಐನೂರು ಆರುನೂರು ಮೀಟರ್. ಫ್ಲಕ್ಸ್ ಬರೀ ಪಿನ್ ತೋರಿಸಿದ್ದಕ್ಕಿಂತ ಮೂರನೇ ಒಂದು ಭಾಗ ಕಡಿಮೆ ಬಂತು. ಈ ಟರ್ಬುಲೆನ್ಸ್ ಬಿಟ್ಟು ಬಿಟ್ಟು ಬರುತ್ತೆ ಅನ್ನೋದು ಹೊಸದಲ್ಲ, ಗಾಂಧಿನಗರದ ಆದಿತ್ಯ ಟೊಕಮ್ಯಾಕ್‌ನವರು 1992ರಲ್ಲೇ ಬರೆದಿದ್ದರು.

ಸುಮ್ನೆ ಕುತೂಹಲಕ್ಕೆ ಶಾಟ್ (ಪ್ಲಾಸ್ಮಾ ಒಮ್ಮೆ ಉರಿಯುವ ಅವಧಿ) ಮಧ್ಯೆ ಚೂರು ಹೈಡ್ರೋಜನ್ ಅನಿಲ ಪಫ್ ಮಾಡಿದೆ, ಅಂದರೆ ಒಳಗೆ ಊದಿದೆ. ಏರಿಳಿತ ತಕ್ಷಣ ಇಳಿಯಿತು, ಒಂದೆರಡು ಮಿಲಿಸೆಕೆಂಡ್ ಬಿಟ್ಟು ಮತ್ತೆ ಏರಿತು. ಪಫ್ ಜಾಸ್ತಿಯಾದರೆ ಶಾಟೇ ಸಾಯುತ್ತೆ, ಆಪರೇಟರ್ ಬೈಗುಳ ಬೇರೆ. ಮುಂದಿನ ಸರದಿಗೆ ಅನಿಲದ ವಾಲ್ವನ್ನು ಪ್ರೋಬ್‌ನ ಎದುರು ಪೋರ್ಟ್‌ಗೆ ಹಾಕಿಸಿದ್ದೇನೆ.