ಕೇಳಿ ಮಾಡಿದ ಮೇಲೆ ಬದಲಾಯಿತು

ಹಾಸನದ ಒಂದು ಪದವಿ ಕಾಲೇಜಿನಲ್ಲಿ ಅಂಗವಿಕಲ ವಿದ್ಯಾರ್ಥಿಗಳ ಜವಾಬ್ದಾರಿ ನನ್ನ ಮೇಲೆ ಬಂದು ಐದಾರು ವರ್ಷ ಆಯಿತು. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಬಸ್ ಪಾಸ್, ಸ್ಕಾಲರ್‌ಶಿಪ್ ಅರ್ಜಿ ಇವೆಲ್ಲ ಈ ಕೆಲಸ ಮಾಡುವವರಿಗೆ ಗೊತ್ತೇ ಇದೆ, ಬರೆಯುವುದಿಲ್ಲ. "ಏನೇ ಮಾಡುವ ಮುಂಚೆ ಮಕ್ಕಳನ್ನೇ ಕೇಳೋಣ" ಅಂದಾಗ ಸ್ಟಾಫ್ ರೂಮಿನಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಈಗ ಅದೇ ನಡೆಯುತ್ತಿದೆ.

ಮೊದಲು ದುಡ್ಡು ಹಾಳಾದ ಕಥೆ. ಮುಂದಿನ ಬಾಗಿಲಿಗೆ ಮೂರು ಮೆಟ್ಟಿಲು, ಒಟ್ಟು ಒಂದೂವರೆ ಅಡಿ ಎತ್ತರ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಲೆಕ್ಕ ಹಿಡಿದರೆ ರ್‍ಯಾಂಪ್ 18 ಅಡಿ ಬೇಕು. ಕಟ್ಟಿದವರು ಎಂಟೇ ಅಡಿಗೆ ಮುಗಿಸಿದರು. ಹತ್ತಿರ ಹತ್ತಿರ 25 ಸಾವಿರ ಹೋಯಿತು. ವೀಲ್ ಚೇರ್ ಹುಡುಗ ನೋಡಿದ ದಿನವೇ "ಇದು ನನ್ನಿಂದ ಹತ್ತೋಕೆ ಆಗಲ್ಲ ಸರ್" ಅಂದ. ಕಟ್ಟುವ ಮುಂಚೆ ಅವನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಒಡೆಸಿ ಮತ್ತೆ ಕಟ್ಟಿಸಲು ಇನ್ನೊಂದು 40 ಸಾವಿರ. ಹಳೆ ವಿದ್ಯಾರ್ಥಿಗಳು ಕೊಟ್ಟರು.

ಆದರೆ ನನ್ನ ಕಣ್ಣು ತೆರೆಸಿದ್ದು ಕಣ್ಣು ಕಾಣದ ಒಬ್ಬ ಹುಡುಗಿ. ಅವಳಿಗೆ ಮುಂದಿನ ಬೆಂಚು, ಕೈ ಹಿಡಿದು ಕರೆದುಕೊಂಡು ಹೋಗಲು ಒಬ್ಬಳು ಗೆಳತಿ, ಪರೀಕ್ಷೆಗೆ ಸ್ಕ್ರೈಬ್ (ಅವಳು ಹೇಳಿದ್ದನ್ನು ಬರೆಯುವವರು), ಎಲ್ಲವನ್ನೂ ನಾವೇ ಗೊತ್ತು ಮಾಡಿದ್ದೆವು. ಎರಡನೇ ಸೆಮಿಸ್ಟರ್‌ಗೆ ಅವಳು ಬರುವುದನ್ನೇ ಕಡಿಮೆ ಮಾಡಿದಳು. ಆಲೂರಿನ ಹತ್ತಿರದ ಅವರ ಮನೆಗೆ ಹೋದೆ. "ಎಲ್ಲಾ ನೀವೇ ತೀರ್ಮಾನ ಮಾಡ್ತೀರಿ ಸರ್, ನಾನು ಬಂದು ಏನು ಮಾಡಲಿ?" ಅಂದಳು. ಮನುಷ್ಯನ ಮನಸ್ಸಿಗೆ ಮೂರು ಅಗತ್ಯ ಅಂತ ಮನಃಶಾಸ್ತ್ರಜ್ಞರಾದ ಡೆಸಿ ಮತ್ತು ರಯಾನ್ ಹೇಳುತ್ತಾರೆ: ನನ್ನ ತೀರ್ಮಾನ ನನ್ನದು, ನನಗೂ ಬರುತ್ತೆ ಅನ್ನುವ ಧೈರ್ಯ, ನಮ್ಮವರು ಅನ್ನುವ ಜನ. ನಾವು ಮೂರನೆಯದಕ್ಕೆ ಮಾತ್ರ ಓಡಾಡುತ್ತಿದ್ದೆವು, ಅದೂ ಅಯ್ಯೋ ಪಾಪ ಅನ್ನುವ ದಾರಿಯಲ್ಲಿ.

ಆಮೇಲೆ ಸ್ಕ್ರೈಬ್ ಆರಿಸುವ ಕೆಲಸ ಅವಳಿಗೇ ಬಿಟ್ಟೆ. ಮೂವರಿಗೆ ಒಂದೊಂದು ಪುಟ ಹೇಳಿ ಬರೆಸಿದಳು, ಬರೆದದ್ದನ್ನು ಓದಿಸಿ ಕೇಳಿದಳು, ನಾನು ಒಳ್ಳೆಯವಳು ಅಂದುಕೊಂಡಿದ್ದ ಹುಡುಗಿಯನ್ನೇ ಬೇಡ ಅಂದಳು. ಗಂಟೆಗೆ 20 ನಿಮಿಷ ಹೆಚ್ಚಿನ ಸಮಯವನ್ನೂ ಪರೀಕ್ಷೆಯ ಕೊಠಡಿಯಲ್ಲಿ ತಾನೇ ಕೇಳಿ ಪಡೆದಳು. ಹಾಜರಾತಿ ನೂರಕ್ಕೆ 40ರ ಆಸುಪಾಸಿನಿಂದ 80 ದಾಟಿತು.

ತಮಗೆ ಬೇಕಾದ್ದನ್ನು ತಾವೇ ತರಲಿ ಅಂತ ವರ್ಷಕ್ಕೆ ಆರು ಸಾವಿರ ರೂಪಾಯಿಯನ್ನು ಮಕ್ಕಳ ಕೈಗೇ ಕೊಡಿಸಿದೆ. ನಾನಾಗಿದ್ದರೆ ಕೇರಂ ಬೋರ್ಡ್ ತರುತ್ತಿದ್ದೆ. ಅವರು ತಂದಿದ್ದು ಹೆಡ್‌ಫೋನ್, ಊರುಗೋಲಿನ ತುದಿಗೆ ಹಾಕುವ ರಬ್ಬರ್. ಜೂನ್ ಮಳೆಗೆ ನಮ್ಮ ಕಾರಿಡಾರ್ ಜಾರುತ್ತೆ, ಸವೆದ ರಬ್ಬರ್‌ನಲ್ಲಿ ಇಬ್ಬರು ಬಿದ್ದಿದ್ದರಂತೆ. ನನಗೆ ಅದು ಗೊತ್ತೇ ಇರಲಿಲ್ಲ.

ನಡುವೆ ಇನ್ನೊಂದು ಪ್ರಯೋಗ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ ಹಾಕಿಕೊಟ್ಟರೆ ಅದು ನಮ್ಮ ನೋಟ್ಸನ್ನು ಏನೇನೋ ಓದುತ್ತಿತ್ತು. ವಾರಗಟ್ಟಲೆ ಕಂಪ್ಯೂಟರ್ ಕೆಟ್ಟಿದೆ ಅಂದುಕೊಂಡೆ. ತಪ್ಪು ಇದ್ದದ್ದು ತಂತ್ರಾಂಶ ಕನ್ನಡ ಎಂದು ಗುರುತಿಸದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ನಮ್ಮ ಫೈಲ್‌ಗಳಲ್ಲಿ! ಯೂನಿಕೋಡ್‌ಗೆ ಬದಲಿಸಿದ ಮೇಲೆ ಸರಿಯಾಗಿ ಓದಿತು. ಬದುಕು ಹೇಗಿದೆ ಎಂದು ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಪಟ್ಟಿಯನ್ನೂ ಮಕ್ಕಳಿಂದ ತುಂಬಿಸಿದೆ. ಮೊದಲ ಸಲ ನಾನು ಪಕ್ಕದಲ್ಲೇ ನಿಂತಿದ್ದೆ, ಎಲ್ಲರೂ ಚೆನ್ನಾಗಿದ್ದೇವೆ ಅಂತ ಗುರುತು ಹಾಕಿದರು. ಹೆಸರಿಲ್ಲದೆ ಡಬ್ಬಿಗೆ ಹಾಕಿಸಿದಾಗಲೇ ನಿಜ ಹೊರಗೆ ಬಂತು. ಹದಿನಾಲ್ಕು ಜನರಲ್ಲಿ ಹೆಚ್ಚಿನವರಿಗೆ ಮನಸ್ಸಿಗಿಂತ ಬಸ್ಸು, ಶೌಚಾಲಯದ್ದೇ ದೊಡ್ಡ ಕಷ್ಟ.

ಹಾಗಾಗಿ ಈ ವರ್ಷ ಅವರ ಪಟ್ಟಿಯಲ್ಲಿ ಮೊದಲು ಇರುವುದು ಶೌಚಾಲಯದ ಬಾಗಿಲು. ವೀಲ್ ಚೇರ್ 25 ಇಂಚು, ಬಾಗಿಲು 24. ಅಳತೆ ತೆಗೆದವನು ಆ ರ್‍ಯಾಂಪ್ ಹುಡುಗನೇ. ಗಾರೆಯವರು ಒಂಬತ್ತು ಸಾವಿರ ಕೇಳಿದ್ದಾರೆ, ಅವನು ಏಳಕ್ಕೆ ಮಾತಾಡುತ್ತಿದ್ದಾನೆ.