ಓವರ್‌ಕ್ಲಾಕ್ ಮಾಡುವ ಆಸೆಯೇ? ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ

1998ರಲ್ಲಿ ಇಂಟೆಲ್ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ ಬಿಟ್ಟಿತ್ತು. ಅದರ ವೇಗ 300 ಮೆಗಾಹರ್ಟ್ಸ್. ಮದರ್‌ಬೋರ್ಡಿನ ಬಸ್ (ಚಿಪ್‌ಗೂ ಬೋರ್ಡಿಗೂ ನಡುವೆ ಮಾಹಿತಿ ಓಡಾಡುವ ದಾರಿ) ವೇಗವನ್ನು 66ರಿಂದ 100ಕ್ಕೆ ಏರಿಸಿದರೆ ಸಾಕು, ಅದೇ ಚಿಪ್ 450ರಲ್ಲಿ ಓಡುತ್ತಿತ್ತು. ಒಂದೂವರೆ ಪಟ್ಟು ವೇಗ, ಪುಕ್ಕಟೆ! ಕಂಪನಿ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಚಿಪ್ ಓಡಿಸುವುದೇ ಓವರ್‌ಕ್ಲಾಕಿಂಗ್. ಅದೆಂದರೆ ಇವತ್ತಿಗೂ ಅನೇಕರ ಮನಸ್ಸಿನಲ್ಲಿರುವುದು ಇಂಥದೇ ಲೆಕ್ಕ.

ಆ ಕಾಲ ಹೋಯಿತು. ಈಗಿನ ಪ್ರೊಸೆಸರ್ ಬಿಸಿ, ಕರೆಂಟು, ಕೆಲಸದ ಹೊರೆ ನೋಡಿಕೊಂಡು ತಾನೇ ವೇಗ ಏರಿಸಿಕೊಳ್ಳುತ್ತದೆ. ಅದಕ್ಕೆ ಬೂಸ್ಟ್ ಎನ್ನುತ್ತಾರೆ. ಕಂಪನಿಯೇ ಹಾಲು ಕರೆದುಕೊಂಡ ಮೇಲೆ ನಮಗೆ ಉಳಿಯುವುದು ಸ್ವಲ್ಪವೇ. ಸಾಮಾನ್ಯವಾಗಿ ನೂರಕ್ಕೆ ಐದೋ ಆರೋ ಪಾಲು ಸಿಕ್ಕರೆ ಹೆಚ್ಚು. ಅಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂದರೆ, ಯಂತ್ರದ ಒಳಗೆ ಏನು ನಡೆಯುತ್ತದೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಆದರೆ ಲಾಭ ಇಷ್ಟೇ ಇರುವಾಗ ದೊಡ್ಡ ಅಪಾಯಕ್ಕೆ ಕೈ ಹಾಕಬಾರದು, ಅಲ್ವಾ?

ನಿಮ್ಮ ಯಂತ್ರದಲ್ಲಿ ಆಗುತ್ತದೆಯೇ?

ಇಂಟೆಲ್ ಆದರೆ ಹೆಸರಿನ ಕೊನೆಯಲ್ಲಿ 'ಕೆ' ಅಕ್ಷರ ಇರಬೇಕು (ಕೆಎಫ್, ಕೆಎಸ್ ಕೂಡ ಸರಿ). ಜೊತೆಗೆ ಮದರ್‌ಬೋರ್ಡಿನ ಚಿಪ್‌ಸೆಟ್ (ಬೋರ್ಡಿನ ಭಾಗಗಳನ್ನು ಪ್ರೊಸೆಸರ್‌ಗೆ ಜೋಡಿಸುವ ಚಿಪ್) 'ಝಡ್' ಸಾಲಿನದಾಗಿರಬೇಕು. ಎಎಮ್‌ಡಿಯ ರೈಜನ್‌ಗಳಲ್ಲಿ ಹೆಚ್ಚಿನವಕ್ಕೆ ವೇಗ ಬದಲಿಸದಂತೆ ತಡೆಯುವ ಬೀಗ ಇಲ್ಲ. ಆದರೆ ಎ320, ಎ520 ಬೋರ್ಡುಗಳಲ್ಲಿ ಆಗುವುದಿಲ್ಲ, 'ಬಿ' ಅಥವಾ 'ಎಕ್ಸ್' ಸಾಲಿನದು ಬೇಕು. 5800ಎಕ್ಸ್3ಡಿಯಂಥ ಕೆಲವು ಚಿಪ್‌ಗಳಿಗೆ ಬೀಗ ಹಾಕಿಯೇ ಕಳಿಸಿದ್ದಾರೆ. ಲ್ಯಾಪ್‌ಟಾಪ್ ಇದ್ದವರು ಈ ಸಾಹಸಕ್ಕೆ ಇಳಿಯಬೇಡಿ, ಅದರ ಪುಟ್ಟ ಫ್ಯಾನಿಗೆ ಈಗಿರುವ ಬಿಸಿಯೇ ಜಾಸ್ತಿ.

ವಾರಂಟಿ ವಿಷಯ ಮೊದಲೇ ಹೇಳಿಬಿಡುತ್ತೇನೆ. ಓವರ್‌ಕ್ಲಾಕ್ ಮಾಡಿದರೆ ವಾರಂಟಿ ಸಿಗದೆ ಹೋಗಬಹುದು ಎಂದು ಎರಡೂ ಕಂಪನಿಗಳು ಎಚ್ಚರಿಸುತ್ತವೆ.

ಬಿಸಿಯ ಲೆಕ್ಕ

ಪ್ರೊಸೆಸರ್ ವೇಗ ಅಂದರೆ ಒಂದು ಗುಣಾಕಾರ. ಬೇಸ್ ಕ್ಲಾಕ್ 100 ಮೆಗಾಹರ್ಟ್ಸ್, ಮಲ್ಟಿಪ್ಲೈಯರ್ 45 ಇದ್ದರೆ 4.5 ಗಿಗಾಹರ್ಟ್ಸ್. ನಾವು ಮುಟ್ಟುವುದು ಮಲ್ಟಿಪ್ಲೈಯರ್ ಮಾತ್ರ. ಬೇಸ್ ಕ್ಲಾಕ್ ಹಾಗೇ ಇರಲಿ.

ವೇಗ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಚಿಪ್ ಹೆಚ್ಚು ವೋಲ್ಟೇಜ್ ಕೇಳುತ್ತದೆ. ಕಷ್ಟ ಇರುವುದು ಅಲ್ಲೇ. ಚಿಪ್ ನುಂಗುವ ವಿದ್ಯುತ್ ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜ್ ಜೊತೆ ಮಾತ್ರ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ನೂರಕ್ಕೆ ಹತ್ತು ಏರಿಸಿ, ವೋಲ್ಟೇಜನ್ನೂ 1.20ರಿಂದ 1.32ಕ್ಕೆ ಏರಿಸಿದಿರಿ ಅನ್ನಿ. 1.1 × 1.1 × 1.1, ಅಂದರೆ ಸುಮಾರು 1.33. ಹತ್ತು ಪಾಲು ವೇಗಕ್ಕೆ ಮೂವತ್ತಮೂರು ಪಾಲು ಹೆಚ್ಚು ಬಿಸಿ! ಈ ಲೆಕ್ಕವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ.

ಕೈ ಹಾಕುವ ಮುಂಚೆ

ಮುಖ್ಯ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಗುಪ್ತ ಬೀಗ ಹಾಕುವ ಸೌಲಭ್ಯ) ಚಾಲೂ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ಸೆಟ್ಟಿಂಗ್ ತಂತ್ರಾಂಶ) ಕೈಯಾಡಿಸಿದ ಮೇಲೆ ಅದು ಆ ಕೀ ಕೇಳಿ ಬಾಗಿಲಲ್ಲೇ ನಿಲ್ಲಿಸಬಹುದು. ಬಯಾಸ್ ಹೊಸದಾಗಿ ಹಾಕುವುದಿದ್ದರೆ ಈಗಲೇ ಹಾಕಿ. ಅದರ ಪ್ರತಿ ಪುಟದ ಫೋಟೊ ಮೊಬೈಲಿನಲ್ಲಿ ತೆಗೆಯಿರಿ. ಮದರ್‌ಬೋರ್ಡಿನಲ್ಲಿ 'ಕ್ಲಿಯರ್ ಸಿಮಾಸ್' ಜಂಪರ್ (ಬಯಾಸ್ ಸೆಟ್ಟಿಂಗ್ ಅಳಿಸುವ ಪುಟ್ಟ ಪಿನ್ನುಗಳು) ಎಲ್ಲಿದೆ ಎಂದು ಬೆಳಕಿರುವಾಗಲೇ ಹುಡುಕಿಡಿ.

ನಂತರ ಏನನ್ನೂ ಬದಲಿಸದೆ ಒಂದು ಅಳತೆ ತೆಗೆದುಕೊಳ್ಳಿ. ಬಿಸಿ, ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತೆರೆದಿಟ್ಟು, ಪ್ರೊಸೆಸರ್‌ಗೆ ಪೂರ್ತಿ ಹೊರೆ ಕೊಟ್ಟು ಅಂಕ ಕೊಡುವ ಸಿನೆಬೆಂಚನ್ನು ಹತ್ತು ನಿಮಿಷ ಓಡಿಸಿ. ಅಂಕ, ಬಿಸಿ, ಎಲ್ಲ ಕೋರ್‌ಗಳೂ (ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕಗಳು) ದುಡಿಯುವಾಗಿನ ವೇಗ, ಆಗಿನ ವೋಲ್ಟೇಜ್ ಈ ನಾಲ್ಕನ್ನೂ ಬರೆದುಕೊಳ್ಳಿ. ಸುಮ್ನೆ ಕೂತಾಗ ಕಾಣುವ ವೋಲ್ಟೇಜ್ ಬರೆಯಬೇಡಿ. ರೈಜನ್‌ಗಳು ಹಗುರ ಕೆಲಸದಲ್ಲಿ ಕ್ಷಣಕಾಲ 1.4 ದಾಟುವುದುಂಟು. ಆಗ ಹರಿಯುವ ಕರೆಂಟು ಕಡಿಮೆ, ಹಾಗಾಗಿ ಅದು ನಡೆಯುತ್ತದೆ. ಅದನ್ನೇ ನೋಡಿ ಪೂರ್ತಿ ಹೊರೆಯಲ್ಲೂ 1.4 ಕೊಟ್ಟರೆ ಚಿಪ್‌ನ ಆಯುಸ್ಸು ಕರಗುತ್ತದೆ.

ಈ ಅಳತೆಯಲ್ಲೇ ಬಿಸಿ 90 ಡಿಗ್ರಿ ದಾಟಿದರೆ ಇಲ್ಲಿಗೇ ನಿಲ್ಲಿಸಿ. ದೂಳು ಒರೆಸಿ, ಥರ್ಮಲ್ ಪೇಸ್ಟ್ ಬದಲಿಸಿ, ಬೇಕಾದರೆ ಒಳ್ಳೆಯ ಕೂಲರ್ ಹಾಕಿ. ಹಲವು ಸಲ ಅಷ್ಟಕ್ಕೇ ಬೂಸ್ಟ್ ತಾನಾಗಿ ಏರುತ್ತದೆ. ಓವರ್‌ಕ್ಲಾಕ್ ಬೇಕೆನಿಸುವುದೇ ಇಲ್ಲ!

ಏರುವ ಕೆಲಸ

ಮೊದಲು ಎರಡು ಗಡಿ ಗೊತ್ತುಮಾಡಿ. ನನ್ನವು ಹೀಗಿವೆ: ಬಿಸಿ 85 ಡಿಗ್ರಿ ದಾಟಬಾರದು, ವೋಲ್ಟೇಜ್ ನೀವು ಬರೆದುಕೊಂಡ ಅಂಕಿಗಿಂತ 0.05ಕ್ಕಿಂತ ಹೆಚ್ಚು ಏರಬಾರದು. ಪಳಗಿದವರು ನಗಬಹುದು, ನಗಲಿ.

ಮೆಮೊರಿಯನ್ನು ಹೆಚ್ಚು ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಸೆಟ್ಟಿಂಗನ್ನು ಸದ್ಯಕ್ಕೆ ಆಫ್ ಮಾಡಿ. ಇಲ್ಲವಾದರೆ ಯಂತ್ರ ನಿಂತಾಗ ತಪ್ಪು ಯಾರದು ಎಂದು ಗೊತ್ತಾಗುವುದಿಲ್ಲ. ವೋಲ್ಟೇಜನ್ನು 'ಆಟೊ'ದಿಂದ ತೆಗೆದು ಬರೆದುಕೊಂಡ ಅಂಕಿಗೆ ನಿಲ್ಲಿಸಿ. ಆಟೊದಲ್ಲಿ ಬಿಟ್ಟರೆ ಬೋರ್ಡು ಧಾರಾಳವಾಗಿ ಸುರಿಯುತ್ತದೆ. 2023ರಲ್ಲಿ ಕೆಲವು ರೈಜನ್ 7000 ಎಕ್ಸ್3ಡಿ ಚಿಪ್‌ಗಳು ಸುಟ್ಟುಹೋದ ಮೇಲೆ, ಎಸ್‌ಒಸಿ ವೋಲ್ಟೇಜ್ (ಚಿಪ್‌ನ ಮೆಮೊರಿ ನಿಯಂತ್ರಕದಂಥ ಭಾಗಗಳಿಗೆ ಹೋಗುವುದು) 1.3 ದಾಟದಂತೆ ಎಎಮ್‌ಡಿ ಬಯಾಸ್‌ನಲ್ಲೇ ಕಟ್ಟುಹಾಕಬೇಕಾಯಿತು. ಹೊರೆ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ನೋಡಿಕೊಳ್ಳುವ ಲೋಡ್‌ಲೈನ್ ಕ್ಯಾಲಿಬ್ರೇಶನ್ ಎಂಬುದು ಕಂಡರೆ ನಡುವಿನ ಮಟ್ಟ ಸಾಕು.

ಈಗ ಎಲ್ಲ ಕೋರ್‌ಗಳ ಮಲ್ಟಿಪ್ಲೈಯರನ್ನು, ನೀವು ಬರೆದುಕೊಂಡ ವೇಗಕ್ಕಿಂತ ಒಂದೇ ಒಂದು ಏರಿಸಿ. ಬಯಾಸ್ ಉಳಿಸಿ, ವಿಂಡೋಸ್‌ಗೆ ಹೋಗಿ, ಸಿನೆಬೆಂಚ್ ಹತ್ತು ನಿಮಿಷ. ಪಾಸಾದರೆ ಬರೆದುಕೊಂಡು ಇನ್ನೊಂದು ಏರಿಸಿ. ಹೀಗೆ ಒಂದು ಸಲ ನೀಲಿ ಪರದೆ ಬರುತ್ತದೆ ಅಥವಾ ಪ್ರೋಗ್ರಾಂ ಮುಚ್ಚಿಕೊಳ್ಳುತ್ತದೆ. ಗಾಬರಿ ಬೇಡ, ಅದು ಬರಲೇಬೇಕಿತ್ತು. ವೋಲ್ಟೇಜ್ 0.01 ಏರಿಸಿ ಮತ್ತೆ ನೋಡಿ. ಎರಡು ಗಡಿಗಳಲ್ಲಿ ಯಾವುದು ಮೊದಲು ತಾಗಿದರೂ ಅಲ್ಲಿಂದ ಒಂದು ಮೆಟ್ಟಿಲು ಕೆಳಗಿಳಿಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮುಟ್ಟಿದರೆ ನೋಟ್‌ಬುಕ್ ಕೆಲಸಕ್ಕೆ ಬಾರದು. ನಿಮ್ಮ ಸ್ನೇಹಿತರ ಬಳಿ ಇರುವ ಅದೇ ಮಾಡೆಲ್ 200 ಮೆಗಾಹರ್ಟ್ಸ್ ಮೇಲೆ ಹೋಯಿತೆಂದು ಬೇಸರ ಪಡಬೇಡಿ. ಒಂದೇ ಹೆಸರಿನ ಚಿಪ್‌ಗಳೂ ಒಂದೇ ಸಮ ಇರುವುದಿಲ್ಲ.

ರೈಜನ್ ಇದ್ದವರಿಗೆ ಬೇರೆ ದಾರಿ ಹೇಳುತ್ತೇನೆ. ಎಲ್ಲ ಕೋರ್‌ಗಳನ್ನೂ 4.6ಕ್ಕೆ ಕಟ್ಟಿದರೆ, ಮೊದಲು ಒಂಟಿಯಾಗಿ 4.8 ಮುಟ್ಟುತ್ತಿದ್ದ ಕೋರ್ ಕೂಡ 4.6ರಲ್ಲೇ ನಿಲ್ಲುತ್ತದೆ. ಗೇಮ್‌ಗಳಲ್ಲಿ ಇದು ನಷ್ಟವೇ. ಅದರ ಬದಲು ಬೂಸ್ಟಿನ ಮಿತಿ ಸಡಿಲಿಸುವ ಪಿಬಿಒ ಆನ್ ಮಾಡಿ, ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರ್‌ಗಳಿಗೆ ಮೈನಸ್ 10 (ಹತ್ತು ಮೆಟ್ಟಿಲು) ಕೊಡಿ. ಈ ಸೌಲಭ್ಯ 5000 ಸಾಲಿನಿಂದ ಈಚೆಗಿನವುಗಳಲ್ಲಿದೆ. ವೋಲ್ಟೇಜ್ ಇಳಿಯುತ್ತದೆ, ಬಿಸಿ ತಗ್ಗುತ್ತದೆ, ಉಳಿದ ಜಾಗದಲ್ಲಿ ಚಿಪ್ ತಾನೇ ಮೇಲೇರುತ್ತದೆ. ಒಂದು ಎಚ್ಚರಿಕೆ: ಇಲ್ಲಿ ತಪ್ಪಾದರೆ ಭಾರೀ ಹೊರೆಯಲ್ಲಿ ಯಂತ್ರ ಚೆನ್ನಾಗಿಯೇ ಓಡಿ, ಸುಮ್ಮನೆ ಬಿಟ್ಟಾಗ ರೀಸ್ಟಾರ್ಟ್ ಆಗಬಹುದು.

ಪರದೆ ಕಪ್ಪಾಗಿಯೇ ಉಳಿದರೆ

ಸ್ವಲ್ಪ ಕಾಯಿರಿ. ಹಲವು ಬೋರ್ಡುಗಳು ಎರಡು ಮೂರು ಸಲ ಪ್ರಯತ್ನಿಸಿ ಹಳೆಯ ಸೆಟ್ಟಿಂಗಿಗೆ ತಾವೇ ಮರಳುತ್ತವೆ. ಇಲ್ಲದಿದ್ದರೆ ಪವರ್ ಕೇಬಲ್ ಕಿತ್ತು ಆ ಜಂಪರ್ ಬಳಸಿ. ಜಂಪರ್ ಸಿಗದಿದ್ದರೆ ಬೋರ್ಡಿನ ಬಿಲ್ಲೆಯಂಥ ಬ್ಯಾಟರಿಯನ್ನು ಐದು ನಿಮಿಷ ತೆಗೆದಿಡಿ.

ಪಾಸಾಯಿತು ಎಂದು ಯಾವಾಗ ಹೇಳಬಹುದು?

ನಾನು ಮೊದಲ ಸಲ ಹತ್ತು ನಿಮಿಷದ ಪರೀಕ್ಷೆಗೇ ಖುಷಿಪಟ್ಟು ನಿಲ್ಲಿಸಿದ್ದೆ. ವಾರದ ಬಳಿಕ ಒಂದು ಜಿಪ್ ಫೈಲ್ ತೆರೆಯಲಿಲ್ಲ, ಆಮೇಲೆ ಇನ್ನೊಂದು. ಯಂತ್ರ ಒಮ್ಮೆಯೂ ಕೆಟ್ಟು ನಿಂತಿರಲಿಲ್ಲ. ಸದ್ದಿಲ್ಲದೆ ತಪ್ಪು ಲೆಕ್ಕ ಮಾಡಿ, ಅದನ್ನೇ ಡಿಸ್ಕಿಗೆ ಬರೆದಿತ್ತು. ಅಂದಿನಿಂದ ನನಗೆ ನೀಲಿ ಪರದೆ ಕಂಡರೆ ಭಯವಿಲ್ಲ. ಕನಿಷ್ಠ ಅದು ಹೇಳಿ ನಿಲ್ಲುತ್ತದೆ.

ಹಾಗಾಗಿ ಕೊನೆಯಲ್ಲಿ ಪ್ರೈಮ್95 ಅಥವಾ ಒಸಿಸಿಟಿ ಎಂಬ ಪರೀಕ್ಷಾ ಪ್ರೋಗ್ರಾಂ ಒಂದೆರಡು ಗಂಟೆ ಓಡಿಸಿ. ಪ್ರೈಮ್95 ಇರುವುದು ಮೆರ್ಸೆನ್ ಅವಿಭಾಜ್ಯ ಸಂಖ್ಯೆ (2ರ ಘಾತಕ್ಕಿಂತ ಒಂದು ಕಡಿಮೆ ಇರುವ ಅವಿಭಾಜ್ಯ) ಹುಡುಕಲು. ಮೊದಲೇ ಉತ್ತರ ಗೊತ್ತಿರುವ ಲೆಕ್ಕಗಳನ್ನು ಚಿಪ್‌ನಿಂದ ಮಾಡಿಸಿ ತಾಳೆ ನೋಡುವುದರಿಂದ ಅದಕ್ಕೆ ಸುಳ್ಳು ಹೇಳಲಾಗದು. ಅದರ 'ಸ್ಮಾಲ್ ಎಫ್‌ಎಫ್‌ಟಿ' ಪರೀಕ್ಷೆ ಸಿನೆಬೆಂಚ್‌ಗಿಂತ ಎಷ್ಟೋ ಹೆಚ್ಚು ಕಾಯಿಸುತ್ತದೆ, ಮೊದಲ ನಿಮಿಷ ಕಣ್ಣು ಬಿಸಿಯ ಮೇಲೇ ಇರಲಿ. ಎಚ್‌ಡಬ್ಲ್ಯೂಇನ್ಫೋದ ಕೊನೆಯಲ್ಲಿ 'ವಿಯಾ' (WHEA, ವಿಂಡೋಸ್ ಕಂಡುಹಿಡಿದ ಹಾರ್ಡ್‌ವೇರ್ ತಪ್ಪುಗಳು) ದೋಷಗಳ ಸಾಲಿದೆ. ಅಲ್ಲಿ ಒಂದು ಅಂಕಿ ಕಂಡರೂ, ಪರೀಕ್ಷೆ ಪಾಸಾಗಿದ್ದರೂ, ಫೇಲ್ ಎಂದೇ ಬರೆದುಕೊಳ್ಳಿ.

ಎಲ್ಲ ಸರಿಯಾದರೆ ಮಲ್ಟಿಪ್ಲೈಯರನ್ನು ಒಂದು ಇಳಿಸಿ, ಬಯಾಸ್‌ನಲ್ಲಿ ಪ್ರೊಫೈಲ್ ಆಗಿ ಉಳಿಸಿ, ನಂತರ ಎಕ್ಸ್‌ಎಂಪಿ ಆನ್ ಮಾಡಿ ಮತ್ತೊಮ್ಮೆ ಪರೀಕ್ಷಿಸಿ. ನೋಟ್‌ಬುಕ್ಕಿನಲ್ಲಿ ತಾರೀಖಿನ ಪಕ್ಕ ಕೋಣೆಯ ಉಷ್ಣತೆಯನ್ನೂ ಬರೆಯಿರಿ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. ಚಳಿಗಾಲದಲ್ಲಿ ಪಾಸಾದದ್ದನ್ನು ಬೇಸಿಗೆಯಲ್ಲಿ ಇನ್ನೊಮ್ಮೆ ಓಡಿಸಿ ನೋಡಬೇಕಾಗುತ್ತದೆ.