ಮಲಗಿದ ಮಗುವಿಗೆ ಕಾಣುವುದು ಬೊಂಬೆಯ ಅಡಿ: ಕಾಗದದ ಉಡುಗೊರೆ ಮಾಡುವ ನನ್ನ ಕ್ರಮ

ಆಗತಾನೇ ಹುಟ್ಟಿದ ಮಗುವಿಗೆಂದು ಕಾಗದದಲ್ಲಿ ಏನಾದರೂ ಮಾಡಲು ಕೂತಾಗ ನಾನು ಮೊದಲು ತೀರ್ಮಾನಿಸಿಕೊಳ್ಳುವುದು ಇಷ್ಟು: ಇದು ಮಗುವಿನ ಕಣ್ಣಿಗೋ, ದೊಡ್ಡವರ ಕೈಗೋ? ಮಗುವಿನ ಕೈಗಂತೂ ಕಾಗದ ಕೊಡುವಂತಿಲ್ಲ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು ಬೇಗ ಬರುತ್ತದೆ, ಜೊಲ್ಲಿಗೆ ನೆನೆದ ಕಾಗದ ಮುದ್ದೆಯಾಗಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ನಾನು ಮಾಡುವುದು ಮುಖ್ಯವಾಗಿ ಎರಡು: ಮಗು ನೋಡಲಿ ಎಂದು ತೊಟ್ಟಿಲ ಮೇಲೆ ಕಟ್ಟುವ ತೂಗುಗೊಂಚಲು, ಅಪ್ಪ ಅಮ್ಮ ತುಂಬಿಸಿ ಇಟ್ಟುಕೊಳ್ಳಲಿ ಎಂದು ಮೊದಲ ವರ್ಷದ ಮಡಿಕೆ ಪುಸ್ತಕ, ಅಂದರೆ ಉದ್ದ ಪಟ್ಟಿಯನ್ನು ಹಿಂದೆ ಮುಂದೆ ಮಡಿಸಿ ಮಾಡಿದ್ದು. ಎರಡಕ್ಕೂ ಬೇಕಾದ ಕಾಗದ ಬೇರೆ, ಅಂಟು ಬೇರೆ, ಎಚ್ಚರಿಕೆಯೂ ಬೇರೆ.

ಗೊಂಚಲಿನಿಂದ ಶುರು ಮಾಡುತ್ತೇನೆ. ಕಾಗದದ ಹಕ್ಕಿ, ಮೋಡ, ನಕ್ಷತ್ರ ಕತ್ತರಿಸಿ ದಾರಕ್ಕೆ ನೇತುಹಾಕಿದರೆ ಬಾಗಿಲಲ್ಲಿ ನಿಂತವರಿಗೆ ಬಲು ಚಂದ ಕಾಣುತ್ತದೆ. ಅಂಗಾತ ಮಲಗಿದ ಮಗುವಿಗೆ ಕಾಣುವುದು ಮಾತ್ರ ಅವುಗಳ ಕೆಳ ಅಂಚು, ಅಂದರೆ ಒಂದು ಗೆರೆ. ಅಗಲ ಮುಖವೆಲ್ಲ ಗೋಡೆಯ ಕಡೆಗೆ ತಿರುಗಿರುತ್ತದೆ. ಆದ್ದರಿಂದ ಚಿತ್ರ ಕೆಳಮುಖವಾಗಿರಬೇಕು. ಚಪ್ಪಟೆ ಬಿಲ್ಲೆಯನ್ನು ನಡುವಿನಲ್ಲಿ ದಾರ ಪೋಣಿಸಿ ಅಡ್ಡ ತೂಗಿದರೆ ನಿಲ್ಲುವುದಿಲ್ಲ. ಭಾರದ ಕೇಂದ್ರ ಮತ್ತು ದಾರದ ತುದಿ ಒಂದೇ ಜಾಗದಲ್ಲಿರುವುದರಿಂದ ಅದು ಯಾವುದೋ ಪಕ್ಕಕ್ಕೆ ವಾಲಿಕೊಳ್ಳುತ್ತದೆ. ಬಿಲ್ಲೆಯನ್ನು ತಗ್ಗು ಶಂಕುವಾಗಿ ಮಾಡಿ ತುದಿಯಿಂದ ತೂಗಿದರೆ ಭಾರವೆಲ್ಲ ದಾರದ ತುದಿಗಿಂತ ಕೆಳಗೆ ಬರುತ್ತದೆ, ತಾನಾಗಿಯೇ ಸಮವಾಗಿ ನಿಲ್ಲುತ್ತದೆ. ಒಳಮೈ ಪೂರ್ತಿ ಮಗುವಿನ ಕಡೆಗೆ.

ಅಳತೆ ಹೀಗೆ. 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ಬಿಳಿ ಕಾಗದದಲ್ಲಿ ಕೈವಾರದಿಂದ 10 ಸೆಂ.ಮೀ ವ್ಯಾಸದ ವೃತ್ತ. ಕೇಂದ್ರದಿಂದ ಕೋನಮಾಪಕ ಇಟ್ಟು 42 ಡಿಗ್ರಿಯ ಎಂಟು ಹೋಳು ಗುರುತು ಮಾಡಿ. ಎಂಟು ಸೇರಿ 336 ಆಯಿತು, ಮಿಕ್ಕ 24 ಡಿಗ್ರಿ ಅಂಟಿಸುವ ಕಿವಿ. ಇಡೀ ವೃತ್ತವನ್ನು 45ರಂತೆ ಎಂಟು ಪಾಲು ಮಾಡಿಬಿಟ್ಟರೆ ಅಂಟಿಸಿದ ಮೇಲೆ ಒಂದು ಹೋಳು ಅರ್ಧ ಮುಚ್ಚಿಹೋಗಿ ಆ ಜಾಗವೊಂದು ಕಣ್ಣಿಗೆ ಹೊಡೆಯುತ್ತದೆ. ಒಂದು ಬಿಟ್ಟು ಒಂದರಂತೆ ನಾಲ್ಕು ಹೋಳಿಗೆ 80 ಜಿಎಸ್‌ಎಂ ಕಪ್ಪು ಕಾಗದ ಅಂಟಿಸುತ್ತೇನೆ. ಕಪ್ಪು ಕಾಗದವನ್ನು ಮೊದಲು ಒದ್ದೆ ಬೆರಳಿನಿಂದ ಉಜ್ಜಿ ನೋಡಿ. ಬೆರಳಿಗೆ ಬಣ್ಣ ಹತ್ತಿದರೆ ಅಂಟಿನ ತೇವಕ್ಕೂ ಅದು ಬಿಳಿಯ ಮೇಲೆ ಹರಡುತ್ತದೆ. ಮಾರ್ಕರ್‌ನಲ್ಲಿ ಕಪ್ಪು ತುಂಬುವುದು ಸುಲಭವೇ, ಆದರೆ ಮಗುವಿನ ಮೂಗಿನ ಮೇಲೆ ತೂಗುವ ವಸ್ತುವಿಗೆ ಆ ಘಾಟು ಬೇಡ.

ಇನ್ನು ಕಿವಿಯ ಒಂದು ಬದಿಯನ್ನು ಅಂಚಿನಿಂದ ಕೇಂದ್ರದವರೆಗೆ ಕತ್ತರಿಸಿ. ಚಿತ್ರವಿರುವ ಮೈ ಒಳಗೆ ಬರುವಂತೆ ಬಾಗಿಸಿ, ಕಿವಿಯನ್ನು ಮೊದಲ ಹೋಳಿನ ಹಿಂದಕ್ಕೆ ಸರಿಸಿ ಅಂಟಿಸಿ. ಅಂಚಿನಲ್ಲಿ ಸುಮಾರು 2 ಸೆಂ.ಮೀ ಒಂದರ ಮೇಲೊಂದು ಕೂರುತ್ತದೆ, ಶಂಕುವಿನ ಎತ್ತರ ಹತ್ತಿರ ಹತ್ತಿರ 1.8 ಸೆಂ.ಮೀ ಬರುತ್ತದೆ. ಇದಕ್ಕಿಂತ ಕಡಿದಾಗಿ ಮಾಡಿದರೆ ಒಳಗೆ ನೆರಳು ತುಂಬಿ ಬಿಳಿಯೂ ಬೂದಿಯಾಗಿ ಕಾಣುತ್ತದೆ. ಕಪ್ಪು ಕಾಗದ ಅಂಟಿಸಿದ ಬದಿಗೆ ಒಣಗುವಾಗ ಎಳೆತ ಬಂದು ಬಿಲ್ಲೆ ಆ ಕಡೆಗೇ ಬಾಗುತ್ತದೆ. ನಮಗೆ ಬೇಕಾದದ್ದೂ ಅದೇ ದಿಕ್ಕು, ಹಾಗಾಗಿ ಬಿಲ್ಲೆ ಬಾಗಿತಲ್ಲ ಎಂದು ಚಿಂತಿಸಬೇಕಿಲ್ಲ.

ತುದಿಯ ತೂತಿನಲ್ಲಿ ಬರೀ ಗಂಟು ನಿಲ್ಲುವುದಿಲ್ಲ, ಎಳೆದಾಗ ಹರಿದುಕೊಂಡು ಬರುತ್ತದೆ. ದಾರದ ಕೊನೆಯನ್ನು 2 ಸೆಂ.ಮೀಟರಿನ ಕಪ್ಪು ಬಿಲ್ಲೆಯ ನಡುವಿನಿಂದ ದಾಟಿಸಿ ಗಂಟು ಹಾಕಿ, ಬಿಲ್ಲೆಯ ಮೈಗೆಲ್ಲ ಬಿಳಿ ಅಂಟು ಸವರಿ ಶಂಕುವಿನ ಒಳಗೆ ಕೂರಿಸಿ. ಹೋಳುಗಳು ಕೂಡುವಲ್ಲಿ ಕತ್ತರಿ ಸ್ವಲ್ಪ ಆಚೀಚೆ ಹೋಗಿದ್ದರೆ ಅದೂ ಮುಚ್ಚುತ್ತದೆ.

ಕಪ್ಪು ಬಿಳುಪೇ ಏಕೆ ಎಂದರೆ ಮೊದಲ ವಾರಗಳಲ್ಲಿ ಮಗುವಿನ ದೃಷ್ಟಿ ಮಸುಕು. 20ರಿಂದ 30 ಸೆಂ.ಮೀ ದೂರದಲ್ಲಿರುವುದು ಚೆನ್ನಾಗಿ ಕಾಣುತ್ತದೆ, ತಿಳಿ ಗುಲಾಬಿ, ತಿಳಿ ನೀಲಿಗಳು ಒಂದರೊಳಗೊಂದು ಕರಗುತ್ತವೆ. ಗಾಢ ಕಪ್ಪಿನ ಪಕ್ಕದ ಬಿಳುಪು ಮಾತ್ರ ಹಿಡಿದು ನಿಲ್ಲಿಸುತ್ತದೆ. ಸಣ್ಣ ಗೆರೆ, ಚುಕ್ಕೆ, ನಾಜೂಕು ಹೂಬಳ್ಳಿಗಳ ಶ್ರಮ ದೊಡ್ಡವರಿಗಷ್ಟೇ ಸಲ್ಲುತ್ತದೆ. ಹೋಳಿನ ಬದಲು ಬಳೆಯಾಕಾರದ ಪಟ್ಟಿ ಹಾಕುವುದಿದ್ದರೆ ಪಟ್ಟಿಯ ಅಗಲ ಒಂದೂವರೆ ಸೆಂ.ಮೀಗಿಂತ ಕಡಿಮೆ ಮಾಡಬೇಡಿ. ತೊಟ್ಟಿಲ ಮೇಲೆ ಕೈಗೆಟುಕದಷ್ಟು ಎತ್ತರಕ್ಕೆ ಕಟ್ಟಿದ ಮೇಲೆ ದೂರ ದುಪ್ಪಟ್ಟಾದರೆ ಪಟ್ಟಿ ಅರ್ಧದಷ್ಟೇ ಕಾಣುತ್ತದೆ, ಅದಕ್ಕೆ ಈ ಅಗಲ. ಮೂರು ನಾಲ್ಕು ತಿಂಗಳ ಹೊತ್ತಿಗೆ ಬಣ್ಣಗಳು ಚೆನ್ನಾಗಿ ತಿಳಿಯತೊಡಗುತ್ತವೆ. ಆಗ ಬದಲಾಯಿಸಲೆಂದು ಕೆಂಪು, ಹಳದಿ, ನೀಲಿಯ ಇನ್ನೊಂದು ಜೊತೆ ಶಂಕುಗಳನ್ನೂ ಮಾಡಿ ಕೊಡುತ್ತೇನೆ. ಕಡ್ಡಿ ಅದೇ, ಶಂಕು ಮಾತ್ರ ಬೇರೆ. ತೂಕ ಒಂದೇ ಇರಲೆಂದು ಕಾಗದವೂ ಅದೇ ಜಿಎಸ್‌ಎಂ.

ಸಮತೂಕದ ಕೆಲಸ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೂರು ಶಂಕುವಿಗೆ 3 ಮಿ.ಮೀ ದಪ್ಪದ ಎರಡು ಬಿದಿರು ಕಡ್ಡಿ ಸಾಕು: ಕೆಳಗಿನದು 24 ಸೆಂ.ಮೀ, ಮೇಲಿನದು 30. ಚೂಪು ತುದಿ ಇದ್ದರೆ ಕತ್ತರಿಸಿ ಮರಳುಕಾಗದದಲ್ಲಿ ಉಜ್ಜಿ. ಎರಡೂ ಕಡ್ಡಿಯ ಕೊನೆಗಳಿಂದ 1 ಸೆಂ.ಮೀ ಒಳಗೆ ಸಣ್ಣ ಕಚ್ಚು ಕೊರೆದರೆ ದಾರ ಜಾರುವುದಿಲ್ಲ. ಮೊದಲು ಕೆಳಗಿನ ಕಡ್ಡಿಗೆ ಎರಡು ಶಂಕು ತೂಗಿ. ಅದು ನಡುವಿನಲ್ಲೇ ಸಮವಾಗುತ್ತದೆ. ಆಮೇಲೆ ಆ ಇಡೀ ಜೋಡಣೆಯನ್ನು ಮೇಲಿನ ಕಡ್ಡಿಯ ಒಂದು ಕೊನೆಗೂ ಮೂರನೇ ಶಂಕುವನ್ನು ಇನ್ನೊಂದು ಕೊನೆಗೂ ಕಟ್ಟಿ. ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು ಎಂದು ಮೂರನೇ ಒಂದು ಭಾಗದ ಲೆಕ್ಕ ಹಾಕಿ ಅಲ್ಲೇ ಅಂಟು ಹಾಕಿಬಿಡುವವರಿದ್ದಾರೆ. ಕಾಗದದ ಶಂಕು ಒಂದಕ್ಕೆ ಎರಡು ಗ್ರಾಮೂ ಇರುವುದಿಲ್ಲ, ಕಡ್ಡಿಯೂ ಹೆಚ್ಚು ಕಡಿಮೆ ಅಷ್ಟೇ ತೂಗುತ್ತದೆ. ಆದ್ದರಿಂದ ಕಡ್ಡಿಗಳ ಭಾರ ಬಿಟ್ಟು ಲೆಕ್ಕ ಹಾಕಿದರೆ ತಪ್ಪುತ್ತದೆ. ಈ ಅಳತೆಗಳಿಗೆ ಭಾರದ ಕೊನೆಯಿಂದ 9ರಿಂದ 10 ಸೆಂ.ಮೀ ನಡುವೆ ಎಲ್ಲೋ ಸಮತೂಕ ಸಿಗುತ್ತದೆ. ಅಲ್ಲಿ ಜಾರುಗಂಟು ಹಾಕಿ, ಫ್ಯಾನ್ ನಿಲ್ಲಿಸಿ, ಒಂದೊಂದು ಮಿಲಿಮೀಟರು ಸರಿಸುತ್ತಾ ಕಡ್ಡಿ ನೆಟ್ಟಗಾಗುವವರೆಗೆ ನೋಡಿ. ಅಂಟೆಲ್ಲ ಪೂರ್ತಿ ಒಣಗಿದ ಮೇಲೇ ಇದನ್ನು ಮಾಡಬೇಕು. ಹಸಿ ಅಂಟಿನ ನೀರೂ ಇಲ್ಲಿ ತೂಕವೇ. ನೆಟ್ಟಗಾದ ಮೇಲೆ ಗಂಟಿಗೆ ಒಂದು ಹನಿ ಅಂಟು.

ಎರಡು ಕಡ್ಡಿಗಳೂ ತಿರುಗುತ್ತವೆ, ಶಂಕುಗಳು ಒಂದಕ್ಕೊಂದು ತಗುಲಬಾರದು. ಕೆಳಗಿನ ಕಡ್ಡಿಯಲ್ಲಿ ನಡುವಿನಿಂದ ದಾರದವರೆಗಿನ ದೂರಕ್ಕೆ ಒಂದು ಶಂಕುವಿನ ಪೂರ್ತಿ ವ್ಯಾಸ ಕೂಡಿಸಿ. ಆ ಮೊತ್ತ ಮೇಲಿನ ಕಡ್ಡಿಯ ಎರಡು ದಾರಗಳ ನಡುವಿನ ದೂರಕ್ಕಿಂತ ಕಡಿಮೆ ಇದ್ದರೆ ತೊಂದರೆಯಿಲ್ಲ. ಇಲ್ಲಿ 11ಕ್ಕೆ 9.3 ಸೇರಿ 20.3; ಮೇಲೆ 28 ಇದೆ.

ದಾರ ಹತ್ತಿಯದೇ ಇರಲಿ. ಕಾಣದಂತಿರಲಿ ಎಂದು ನೈಲಾನ್ ಎಳೆ ಹಾಕುವುದುಂಟು. ಅದು ಸುರುಳಿಯ ನೆನಪು ಬಿಡದೆ ಡೊಂಕಾಗಿಯೇ ನಿಲ್ಲುತ್ತದೆ, ಕಳಚಿ ಬಿದ್ದರೆ ಹಾಸಿಗೆಯ ಮೇಲೆ ದೊಡ್ಡವರ ಕಣ್ಣಿಗೂ ಬೀಳುವುದಿಲ್ಲ, ಎಳೆದರೆ ಹರಿಯುವುದೂ ಇಲ್ಲ. ಹೊಲಿಗೆಯ ಹತ್ತಿ ದಾರಕ್ಕೆ ತನ್ನದೇ ಹುರಿ ಇರುವುದರಿಂದ ಶಂಕುಗಳು ಅತ್ತಿತ್ತ ನಿಧಾನವಾಗಿ ತಿರುಗುತ್ತಿರುತ್ತವೆ, ಮಗು ನೋಡುವುದೂ ಆ ಚಲನೆಯನ್ನೇ. ಒಂದೊಂದು ದಾರವನ್ನೂ 20 ಸೆಂ.ಮೀ ಒಳಗೆ ಇಡುತ್ತೇನೆ. ಮಣಿ, ಗುಂಡಿ, ಮಿನುಗು, ಸ್ಟೇಪಲ್ ಪಿನ್ನು ಯಾವುದೂ ಬೇಡ. ಸುಮಾರು 32 ಮಿ.ಮೀ ವ್ಯಾಸದ ಕೊಳವೆಯಲ್ಲಿ ಇಳಿಯುವಂಥ ಯಾವ ಬಿಡಿ ತುಂಡೂ ಮಗುವಿನ ಉಸಿರು ಕಟ್ಟಿಸಬಹುದು. ನಡುವಿನ ಕಪ್ಪು ಬಿಲ್ಲೆಯೂ ಆ ಗಾತ್ರದ್ದೇ ಆದ್ದರಿಂದ ಒಣಗಿದ ಮೇಲೆ ಉಗುರಿನಿಂದ ಎಬ್ಬಿಸಿ ನೋಡಿ, ಏಳದಿದ್ದರೆ ಮಾತ್ರ ಕಟ್ಟಿ.

ಈಗ ಪುಸ್ತಕ. ಇದು ವರ್ಷಗಟ್ಟಲೆ ಉಳಿಯಬೇಕಾದದ್ದು, ಹಾಗಾಗಿ ಕಾಗದ ಆಸಿಡ್-ಫ್ರೀ, ಅಂದರೆ ಆಮ್ಲವಿಲ್ಲದ್ದು, ಆಗಿರಲೇಬೇಕು. ಅಗ್ಗದ ಮರದ ತಿರುಳಿನ ಕಾಗದದಲ್ಲಿ ಉಳಿದಿರುವ ಲಿಗ್ನಿನ್ (ಮರದ ನಾರುಗಳನ್ನು ಹಿಡಿದಿಡುವ ಪದಾರ್ಥ) ಬೆಳಕಿಗೆ ಹಳದಿಯಾಗುತ್ತದೆ, ಆಮ್ಲ ನಾರನ್ನು ಪುಡಿಪುಡಿ ಮಾಡುತ್ತದೆ. ಹಳೆಯ ದಿನಪತ್ರಿಕೆಗೆ ಆಗುವುದೂ ಅದೇ. ಸೆಲ್ಲೋಟೇಪನ್ನು ಇಡೀ ಪುಸ್ತಕದಲ್ಲಿ ಎಲ್ಲಿಯೂ ಮುಟ್ಟಬೇಡಿ. ಅದರ ಗೋಂದು ಕಂದಾಗಿ ಕಾಗದದೊಳಗೆ ಇಳಿದರೆ ಆಮೇಲೆ ತೆಗೆಯಲು ಬರುವುದಿಲ್ಲ.

ಎರಡು ಎ3 ಹಾಳೆ, 160ರಿಂದ 200 ಜಿಎಸ್‌ಎಂ. ಕತ್ತರಿಸುವ ಮುನ್ನ ನಾರಿನ ದಿಕ್ಕು ಹುಡುಕಿ. ಹಾಳೆಯನ್ನು ಮಡಿಸದೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಬಾಗಿಸಿ ಅಂಗೈಯಿಂದ ಒತ್ತಿದರೆ ಒಂದು ಕಡೆ ಮೆತ್ತಗೆ ಬಾಗುತ್ತದೆ, ಇನ್ನೊಂದು ಕಡೆ ಎದುರು ತಳ್ಳುತ್ತದೆ. ಮೆತ್ತಗೆ ಬಾಗಿದಾಗ ಉಂಟಾಗುವ ಮಡಿಕೆಯ ಸಾಲೇ ನಾರಿನ ದಿಕ್ಕು. ಪುಸ್ತಕದ ಎಲ್ಲ ಮಡಿಕೆಗಳೂ ಇದಕ್ಕೆ ಸಮಾನಾಂತರವಾಗಿರಬೇಕು. ಅಡ್ಡ ಮಡಿಸಿದರೆ ಮಡಿಕೆಯ ಬೆನ್ನು ಒಡೆದು ಬಿಳಿ ನಾರು ಕಾಣುತ್ತದೆ, ಪುಸ್ತಕ ಮುಚ್ಚಿದರೂ ಬಾಯಿ ಬಿಟ್ಟುಕೊಂಡೇ ಇರುತ್ತದೆ.

ಪುಟದ ಅಳತೆ 13 ಸೆಂ.ಮೀ ಅಗಲ, 13.5 ಎತ್ತರ. ನಾರು ಹಾಳೆಯ ಚಿಕ್ಕ ಬದಿಯ ಜೊತೆ ಓಡುತ್ತಿದ್ದರೆ ಒಂದು ಹಾಳೆಯಲ್ಲಿ ಮೂರು ಪುಟದ ಎರಡು ಪಟ್ಟಿ ಬರುತ್ತವೆ; ಉದ್ದ ಬದಿಯ ಜೊತೆ ಇದ್ದರೆ ಎರಡು ಪುಟದ ಮೂರು ಪಟ್ಟಿ. ಹೇಗಾದರೂ ಎರಡು ಹಾಳೆಗೆ ಹನ್ನೆರಡು ಪುಟ, ತಿಂಗಳಿಗೊಂದು. ಮುಂದಿನ ಪಟ್ಟಿಯನ್ನು ಅಂಟಿಸಲು ಪ್ರತಿ ಪಟ್ಟಿಯ ಕೊನೆಯಲ್ಲಿ 1.5 ಸೆಂ.ಮೀ ಕಿವಿ ಬಿಡಿ, ಕೊನೆಯ ಪಟ್ಟಿಗೆ ಬೇಡ. ಪುಟಗಳು ಸಮಸಂಖ್ಯೆಯಲ್ಲಿರುವುದು ಅಗತ್ಯ: ಆಗ ಮೊದಲ ಪುಟ, ಕೊನೆಯ ಪುಟ ಎರಡರ ಹಿಂಬದಿಯೂ ರಟ್ಟಿಗೆ ಹೋಗಿ ಮುಂಬದಿಯ ಹನ್ನೆರಡೂ ಬರೆಯಲು ಉಳಿಯುತ್ತವೆ. ಬೆಸಸಂಖ್ಯೆ ಇದ್ದರೆ ಕೊನೆಯ ಪುಟದ ಮುಂಬದಿಯೇ ರಟ್ಟಿನಡಿ ಹೋಗುತ್ತದೆ.

ಮಡಿಕೆ ಹಾಕುವ ಮುನ್ನ ಇಂಕು ಮುಗಿದ ಬಾಲ್‌ಪೆನ್ನಿನಿಂದ ಗೀರಿ. ಗೀರಿದ ತಗ್ಗು ಮಡಿಕೆಯ ಹೊರಬದಿಗೆ ಬರಬೇಕು, ಹಿಂದೆ ಉಬ್ಬಿದ ಗೆರೆ ಒಳಗೆ. ತಗ್ಗಿನೊಳಕ್ಕೇ ಮಡಿಸಬೇಕೆಂದು ಅನೇಕರು ತಿಳಿದಿರುತ್ತಾರೆ. ದಪ್ಪ ಕಾಗದದಲ್ಲಿ ಅದರಿಂದ ಹೊರ ನಾರಿಗೆ ಎಳೆತ ಹೆಚ್ಚಿ ಸಿಗಿಯುತ್ತದೆ. ಜಿಗ್‌ಜಾಗ್ ಆದ್ದರಿಂದ ಒಂದು ಗೀರು ಮುಂಬದಿಯಲ್ಲಿ, ಮುಂದಿನದು ಹಿಂಬದಿಯಲ್ಲಿ. ಪ್ರತಿ ಸಲ ಸ್ಕೇಲ್ ಇಟ್ಟು ಅಳೆಯುವ ಬದಲು 13 ಸೆಂ.ಮೀ ಅಗಲದ ಒಂದು ರಟ್ಟಿನ ತುಂಡು ಕತ್ತರಿಸಿಟ್ಟುಕೊಂಡು ಅದನ್ನೇ ಒತ್ತಿಟ್ಟು ಗೀರುವುದು ಮೇಲು. ಪುಟಕ್ಕೆ ಅರ್ಧ ಮಿಲಿಮೀಟರು ವ್ಯತ್ಯಾಸ ಬಂದರೂ ಹನ್ನೆರಡನೆಯದಕ್ಕೆ ಪುಸ್ತಕ ಓರೆಯಾಗಿರುತ್ತದೆ.

ರಟ್ಟು 2 ಮಿ.ಮೀ ದಪ್ಪದ್ದು, 13.6ಕ್ಕೆ 14.1 ಸೆಂ.ಮೀ, ಎರಡು. ಹೊದಿಕೆಯ ಕಾಗದ ಸುತ್ತಲೂ 2 ಸೆಂ.ಮೀ ಹೆಚ್ಚು. ಮೂಲೆ ಕತ್ತರಿಸುವಾಗ ರಟ್ಟಿನ ಮೂಲೆಗೆ ತಾಗಿಸಿ ಕತ್ತರಿಸಬೇಡಿ, 3 ಮಿ.ಮೀ ಬಿಡಿ, ಇಲ್ಲದಿದ್ದರೆ ಮಡಿಸಿದ ಮೇಲೆ ಮೂಲೆಯಲ್ಲಿ ರಟ್ಟು ಇಣುಕುತ್ತದೆ. ಅಂಟನ್ನು ಬ್ರಷ್‌ನಲ್ಲಿ ನಡುವಿನಿಂದ ಹೊರಕ್ಕೆ ತೆಳ್ಳಗೆ ಸವರಿ. ಹೊದಿಕೆ ಒಣಗುತ್ತಾ ರಟ್ಟನ್ನು ತನ್ನ ಕಡೆಗೆ ಬಾಗಿಸುತ್ತದೆ, ಒಳಬದಿಗೆ ಪುಟ ಅಂಟಿಸಿದಾಗ ಆ ಕಡೆಯಿಂದಲೂ ಎಳೆತ ಬಂದು ನೆಟ್ಟಗಾಗುತ್ತದೆ. ಹಾಗಾಗಿ ಬಾಗಿದ ರಟ್ಟನ್ನು ಕೈಯಿಂದ ತಿದ್ದಲು ಹೋಗದೆ ಪುಟ ಅಂಟಿಸಿ, ನಡುವೆ ಬೆಣ್ಣೆಕಾಗದ ಇಟ್ಟು, ಭಾರವಾದ ಪುಸ್ತಕಗಳ ಅಡಿಯಲ್ಲಿ ಒಂದು ಪೂರ್ತಿ ದಿನ ಬಿಡಿ. ಮಳೆಗಾಲದಲ್ಲಿ ಎರಡು ದಿನ.

ಫೋಟೋಗಳನ್ನು ಅಂಟಿಸುವಂತೆ ಮಾಡುವುದಿಲ್ಲ. 10ಕ್ಕೆ 10 ಸೆಂ.ಮೀ ಫೋಟೋ ಕೂರುವಂತೆ, ಮೊದಲ ಪುಟ ಬಿಟ್ಟು, ಪ್ರತಿ ಪುಟಕ್ಕೂ ನಾಲ್ಕು ಕಾಗದದ ಮೂಲೆ ಹಚ್ಚುತ್ತೇನೆ, ಬೇಕಾದಾಗ ಬದಲಿಸಬಹುದು. ಹನ್ನೊಂದು ಫೋಟೋ ಸೇರಿದಾಗ ಪುಸ್ತಕ ಮೂರು ಮಿಲಿಮೀಟರಿನಷ್ಟು ಉಬ್ಬುತ್ತದೆ. ಆದ್ದರಿಂದ ಮುಚ್ಚುವ ಪಟ್ಟಿಯನ್ನು ಖಾಲಿ ಪುಸ್ತಕದ ಅಳತೆಗೆ ಬಿಗಿಯಾಗಿ ಮಾಡದೆ, ಕಟ್ಟಿಕೊಳ್ಳುವ ಬಟ್ಟೆಯ ರಿಬ್ಬನ್ ಹಾಕಿ.

ಮೊದಲ ಪುಟ ಪಾದದ ಗುರುತಿಗೆ. ಅಂಗೈ ಗುರುತು ತೆಗೆಯಲು ಹೋದರೆ ನವಜಾತ ಶಿಶು ತಾಗಿದ್ದನ್ನು ಮುಷ್ಟಿಯಲ್ಲಿ ಹಿಡಿದುಬಿಡುತ್ತದೆ, ಕಾಗದ ಸುಕ್ಕಾಗುತ್ತದೆ. ಪಾದ ಏಳೆಂಟು ಸೆಂಟಿಮೀಟರು, ಪುಟದಲ್ಲಿ ಎರಡೂ ಹಿಡಿಸುತ್ತವೆ. ನುಣುಪು ಲೇಪನದ ಕಾಗದದಲ್ಲಿ ಶಾಯಿ ಕಲೆಸಿಹೋಗುತ್ತದೆ, ಲೇಪನವಿಲ್ಲದ್ದೇ ಬೇಕು. ಪುಸ್ತಕಕ್ಕೆ ನೇರ ಒತ್ತಿಸುವ ಬದಲು ಅದೇ ಕಾಗದದ ನಾಲ್ಕೈದು ಬಿಡಿ ತುಂಡು ಜೊತೆಗಿಟ್ಟು, ಹೀಗೆ ಬರೆದು ಕೊಡುತ್ತೇನೆ: ಮಗು ನಿದ್ದೆಯಲ್ಲಿರುವಾಗ, ಶಿಶುಗಳಿಗೆಂದೇ ಇರುವ ತೊಳೆದರೆ ಹೋಗುವ ಶಾಯಿ ಪ್ಯಾಡಿನಿಂದ, ಕಾಗದವನ್ನು ಗಟ್ಟಿ ರಟ್ಟಿಗೆ ಕ್ಲಿಪ್ ಮಾಡಿ ಪಾದದ ಹತ್ತಿರ ತನ್ನಿ, ಪಾದವನ್ನು ಕಾಗದದ ಕಡೆಗೆ ಎಳೆಯಬೇಡಿ, ಹಿಮ್ಮಡಿಯಿಂದ ಬೆರಳಿನವರೆಗೆ ಒಮ್ಮೆ ಒತ್ತಿ ಬಿಡಿ, ಕೂಡಲೇ ಪಾದ ಒರೆಸಿ. ಚೆನ್ನಾಗಿ ಬಂದದ್ದನ್ನು ಪುಟಕ್ಕೆ ಹಚ್ಚಿಕೊಂಡರಾಯಿತು.

ಉಡುಗೊರೆಯ ಜೊತೆಗಿಡುವ ಕಾರ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೆರೆದಾಗ ತೊಟ್ಟಿಲು ಎದ್ದು ನಿಲ್ಲುವಂತೆ ಮಾಡುವುದಾದರೆ ತೊಟ್ಟಿಲಿನ ಎತ್ತರ ಮತ್ತು ಅದು ಮುಂದಕ್ಕೆ ಚಾಚುವ ಉದ್ದ ಕೂಡಿಸಿದಾಗ ಮಡಿಸಿದ ಕಾರ್ಡಿನ ಒಂದು ಪುಟದ ಅಳತೆಗಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಮುಚ್ಚಿದಾಗ ಹೊರಗೆ ಚಾಚಿಕೊಳ್ಳುತ್ತದೆ. ಹೆಸರಿನ ಜಾಗ ಖಾಲಿ ಬಿಡಿ, ಅದನ್ನು ಹೆತ್ತವರೇ ಬರೆಯಲಿ.

ಕೊಡುವಾಗ ಗೊಂಚಲನ್ನು ಬಿಚ್ಚಿಡಬೇಕಿಲ್ಲ. ಕಡ್ಡಿಗಳನ್ನು ಜೋಡಿಸಿಟ್ಟು, ಶಂಕುಗಳನ್ನು ಒಂದರೊಳಗೊಂದು ಕೂರಿಸಿ, ಪ್ರತಿ ದಾರವನ್ನೂ ಕಚ್ಚು ಕೊರೆದ ರಟ್ಟಿನ ತುಂಡಿಗೆ ಬೇರೆ ಬೇರೆಯಾಗಿ ಸುತ್ತಿದರೆ ಸಿಕ್ಕುಬೀಳುವುದಿಲ್ಲ. ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಇಷ್ಟನ್ನು ದಪ್ಪಕ್ಷರದಲ್ಲಿ ಬರೆಯಿರಿ: ಮಗುವಿನ ಕೈಗೆಟುಕದ ಎತ್ತರಕ್ಕೆ, ಭದ್ರವಾದ ಕೊಕ್ಕೆಗೆ ಕಟ್ಟಿ, ಹತ್ತಿರದಿಂದ ತೋರಿಸಬೇಕೆನಿಸಿದರೆ ಮಗು ಎಚ್ಚರವಿರುವಾಗ ಕೈಯಲ್ಲಿ ಹಿಡಿದು ತೋರಿಸಿ, ಮಗು ಅಂಗೈ ಮಂಡಿ ಊರಿ ಏಳತೊಡಗಿದಾಗ ಇಲ್ಲವೇ ಐದು ತಿಂಗಳಾದಾಗ, ಯಾವುದು ಮೊದಲೋ ಆಗ ಇಳಿಸಿಬಿಡಿ.